ಕಾಂಪೋಸ್ಟ್ ಟೀ ಕಿಟ್: ಪಂಪಿಗಷ್ಟೇ ದುಡ್ಡು ಕೊಡಿ

ಕಾಂಪೋಸ್ಟ್ ಟೀ ಅಂದರೆ ಮಾಗಿದ ಗೊಬ್ಬರವನ್ನು ನೀರಿನಲ್ಲಿ ನೆನೆಸಿ, ಗಾಳಿ ಊದಿ ಗಿಡಕ್ಕೆ ಮಾಡುವ ಕಷಾಯ. ಅದನ್ನು ಮಾಡುವ ಕಿಟ್ ತಗೋಬೇಕಾ ಬೇಡವಾ ಅಂತ ನಮ್ಮ ಓಣಿಯಲ್ಲೇ ಸುಮಾರು ಜನ ಕೇಳಿದ್ದಾರೆ. ಎಲ್ಲರಿಗೂ ಹೇಳಿ ಹೇಳಿ ಸಾಕಾಗಿ ಈಗ ಬರೆಯುತ್ತಿದ್ದೇನೆ. ಪಂಪ್ ಒಳ್ಳೆಯದು. ಬಕೆಟ್ ಪರವಾಗಿಲ್ಲ. ಚೀಲ ಬೇಡವೇ ಬೇಡ. ಪುಡಿಯ ಪ್ಯಾಕೆಟ್ಟುಗಳು ಶುದ್ಧ ದಂಡ. ಗಿಡಕ್ಕೆ ಉಪಯೋಗ ಇದೆಯಾ ಅಂದರೆ ಇದೆ, ಆದರೆ ಡಬ್ಬದ ಮೇಲೆ ಬರೆದುಕೊಂಡಷ್ಟು ಖಂಡಿತ ಇಲ್ಲ. ಅವಸರದಲ್ಲಿರುವವರು ಇಷ್ಟು ಓದಿ ಬಿಟ್ಟರೂ ನಡೆಯುತ್ತೆ.

ನಮ್ಮ ಮನೆ ಕಲಬುರಗಿಯಲ್ಲಿ, ಸೇಡಂ ರಸ್ತೆಯಿಂದ ಸ್ವಲ್ಪ ಒಳಗೆ. ಹಿತ್ತಲಲ್ಲಿ ಒಂದಿಷ್ಟು ಎರಿ ಮಣ್ಣಿನ, ಅಂದರೆ ಕಪ್ಪು ಮಣ್ಣಿನ ಜಾಗ ಇದೆ. ಅಲ್ಲಿ ಬದನೆ, ಮೆಣಸಿನಕಾಯಿ, ಚವಳಿಕಾಯಿ, ಪುಂಡಿಪಲ್ಯ. ಮಾಳಿಗೆ ಮೇಲೆ ಹಳೆ ಪೇಂಟ್ ಡಬ್ಬಿಗಳಲ್ಲಿ ಟೊಮೆಟೊ, ಮೆಂತೆ, ಪಾಲಕ್, ಕೊತ್ತಂಬರಿ. ಮಾರುವಷ್ಟು ಬೆಳೆಯಲ್ಲ, ಆದರೆ ಕಣ್ಣಿ ಮಾರ್ಕೆಟ್ಟಿಗೆ ಹೋಗುವುದು ಕಡಿಮೆಯಾಗಿದೆ. ಮಗ ಹೈದರಾಬಾದಿನಲ್ಲಿ ಕೆಲಸಕ್ಕಿದ್ದಾನೆ. ಅವನೇ ಆನ್‌ಲೈನಿನಲ್ಲಿ ಈ ಕಿಟ್ ಬುಕ್ ಮಾಡಿ, "ಅವ್ವಾ, ನಿನ್ನ ಗಿಡಕ್ಕ ಟಾನಿಕ್ ಕಳಸೀನಿ ನೋಡು" ಅಂತ ಫೋನ್ ಮಾಡಿದ. ಬೆಲೆ 2,300 ರೂಪಾಯಿ ಚಿಲ್ಲರೆ. ಬೆಲೆ ಕೇಳಿ ನನ್ನ ಅತ್ತೆ ಅರ್ಧ ದಿನ ಮಾತಾಡಲಿಲ್ಲ. ಕಂಪನಿಯ ಹೆಸರು ಬರೆಯುವುದಿಲ್ಲ. ಬೇರೆ ಬೇರೆ ಹೆಸರಿನಲ್ಲಿ ಇಂಥವು ಬೇಕಾದಷ್ಟು ಸಿಗುತ್ತವೆ, ಫೋಟೋ ನೋಡಿದರೆ ಎಲ್ಲದರಲ್ಲೂ ಇರುವ ಸಾಮಾನು ಹೆಚ್ಚುಕಡಿಮೆ ಇದೇ.

ಡಬ್ಬದಲ್ಲಿ ಇದ್ದದ್ದು ಇಷ್ಟು: 20 ಲೀಟರಿನ ಮುಚ್ಚಳದ ಬಕೆಟ್, ಮೀನಿನ ತೊಟ್ಟಿಗೆ ಹಾಕುತ್ತಾರಲ್ಲ ಅಂಥ ಒಂದು ಗಾಳಿ ಪಂಪ್, ಗಾಳಿಯನ್ನು ಸಣ್ಣ ಗುಳ್ಳೆ ಮಾಡಿ ನೀರಿಗೆ ಬಿಡುವ ಎರಡು ಗುಳ್ಳೆ ಕಲ್ಲು, ಪೈಪು, ಗೊಬ್ಬರ ತುಂಬುವ ಜಾಳಿಗೆ ಚೀಲ, ಒಂದು ಕೆಜಿ ಎರೆಗೊಬ್ಬರ, "ಮೈಕ್ರೋಬ್ ಫುಡ್" ಅಂತ ಬರೆದ ಪುಡಿ ಪ್ಯಾಕೆಟ್ಟುಗಳು. ಜೊತೆಗೆ ಒಂದು ಪುಸ್ತಿಕೆ. ಇಂಗ್ಲಿಷ್ ಇದೆ, ಹಿಂದಿ ಇದೆ, ಕನ್ನಡ ಇಲ್ಲ. ಬಾಜು ಮನೆಯ ಮಾಸ್ತರ ಕಾಕಾ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ರಿಟೈರ್ ಆದವರು. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿ ಹೇಳಿದರು. ನಾನು ಕೇಳಿದ್ದಕ್ಕಿಂತ ಜಾಸ್ತಿಯೇ ಹೇಳಿದರು, ಆದರೆ ಅದರಿಂದ ಉಪಯೋಗ ಆಯಿತು.

ಕೆಲಸ ಮಾಡುವ ರೀತಿ ಸುಲಭ. ಒಳ್ಳೆ ಗೊಬ್ಬರದಲ್ಲಿ ಕಣ್ಣಿಗೆ ಕಾಣದ ಜೀವಿಗಳು ಕೋಟಿಗಟ್ಟಲೆ ಇರುತ್ತವೆ. ಬ್ಯಾಕ್ಟೀರಿಯಾ, ಶಿಲೀಂಧ್ರ, ಅವನ್ನು ತಿನ್ನುವ ಬೇರೆ ಸಣ್ಣಪುಟ್ಟ ಜೀವಿಗಳು. ಗೊಬ್ಬರವನ್ನು ಚೀಲದಲ್ಲಿ ಕಟ್ಟಿ ನೀರಿನಲ್ಲಿ ಇಳಿಬಿಡುತ್ತೀರಿ. ಪಂಪ್ ಗಾಳಿ ಊದುತ್ತೆ. ಗುಳ್ಳೆಯ ಹೊಡೆತಕ್ಕೆ ಜೀವಿಗಳು ಗೊಬ್ಬರ ಬಿಟ್ಟು ನೀರಿಗೆ ಬರುತ್ತವೆ. ಸ್ವಲ್ಪ ಸಿಹಿ ಹಾಕಿದರೆ ತಿಂದು ಬೆಳೆಯುತ್ತವೆ. ಒಂದು ದಿನದ ಆಸುಪಾಸಿನಲ್ಲಿ ನೀರು ಕಂದು ಬಣ್ಣಕ್ಕೆ ತಿರುಗುತ್ತೆ. ಅದಕ್ಕೆ ನೀರು ಬೆರೆಸಿ ತೆಳು ಮಾಡಿ ಗಿಡದ ಬುಡಕ್ಕೆ ಹಾಕುವುದು. ಗಾಳಿ ನಿಂತರೆ ಆಟ ಉಲ್ಟಾ. ಗಾಳಿ ಬೇಡದ ಜಾತಿಯವು ಮೇಲುಗೈ ಮಾಡುತ್ತವೆ, ನೀರು ನಾರುತ್ತೆ. ಹಾಗಾಗಿ ಈ ಇಡೀ ಕಿಟ್ಟಿನಲ್ಲಿ ನಿಜವಾದ ಸಾಮಾನು ಅಂದರೆ ಪಂಪ್ ಒಂದೇ.

ಪಂಪ್ ಬಗ್ಗೆ ನನ್ನ ತಕರಾರು ಏನೂ ಇಲ್ಲ. ಎರಡು ಮೂತಿ ಇದೆ, ಗಾಳಿಯ ಜೋರು ಕಡಿಮೆ ಜಾಸ್ತಿ ಮಾಡಲು ತಿರುಗಣಿ ಇದೆ. ಮೇಲೆ 5 ವ್ಯಾಟ್ ಅಂತ ಬರೆದಿದೆ. ಒಂದು ದಿನ ಪೂರ್ತಿ ಓಡಿದರೂ ಕಾಲು ಯೂನಿಟ್ ಕೂಡ ಆಗಲ್ಲ. ಪೂರ್ತಿ ತಿರುಗಿಸಿದರೆ ನೀರು ಅನ್ನದ ಗಂಜಿ ಕುದಿಯುವ ಹಾಗೆ ಮೇಲಕ್ಕೆ ಉಕ್ಕುತ್ತೆ, ಬೇಕಾದದ್ದೇ ಅದು. ಸದ್ದು ಮಾತ್ರ ಇದೆ. ಬರಿ ನೆಲದ ಮೇಲಿಟ್ಟರೆ ಗುಂಯ್ ಅನ್ನುತ್ತೆ. ರಾತ್ರಿ ನಮ್ಮ ಅತ್ತೆ ಎದ್ದು ಬಂದು, "ಏ ಯವ್ವಾ, ಇದೇನ ಬುಳುಬುಳು ಹಚ್ಚೀದಿ? ನಿದ್ದಿ ಬರವಲ್ದು" ಅಂದರು. ಕೆಳಗೆ ಹಳೆ ಬಟ್ಟೆ ಮಡಚಿ ಹಾಕಿದ ಮೇಲೆ ಅರ್ಧ ಕಡಿಮೆ ಆಯಿತು. ಇನ್ನರ್ಧಕ್ಕೆ ಬಕೆಟ್ಟನ್ನೇ ಮಾಳಿಗೆಗೆ ಸಾಗಿಸಿದೆ.

ಕಿಟ್ಟಿನಲ್ಲಿ ಇಲ್ಲದ ಒಂದು ವಸ್ತುವಿನ ಬಗ್ಗೆ ಇಲ್ಲಿ ಹೇಳಲೇಬೇಕು. ಕರೆಂಟ್ ಹೋದಾಗ ಏನಾಗುತ್ತೆ ಗೊತ್ತಾ? ಪಂಪ್ ನೆಲದ ಮೇಲಿದೆ, ನೀರು ಬಕೆಟ್ಟಿನಲ್ಲಿ ಅದಕ್ಕಿಂತ ಎತ್ತರದಲ್ಲಿದೆ. ಗಾಳಿ ನಿಂತ ತಕ್ಷಣ ನೀರು ಪೈಪಿನಲ್ಲಿ ಹಿಂದಕ್ಕೆ ಹರಿದು ನೇರ ಪಂಪಿನ ಹೊಟ್ಟೆಗೆ ಇಳಿಯುತ್ತೆ. ಮತ್ತೆ ಕರೆಂಟ್ ಬಂದಾಗ ಪಂಪ್ ಹೋಯಿತು ಅಂತಲೇ ಲೆಕ್ಕ. ಕೈಗೆ ಶಾಕ್ ಹೊಡೆಯುವ ಅಪಾಯ ಬೇರೆ. ಇದನ್ನು ತಡೆಯಲು ಪೈಪಿನ ನಡುವೆ ಬೆರಳಿನ ತುದಿಯಷ್ಟು ಒಂದು ವಾಲ್ವ್ ಹಾಕುತ್ತಾರೆ, ಗಾಳಿಯನ್ನು ಮುಂದಕ್ಕೆ ಬಿಡುತ್ತೆ, ನೀರನ್ನು ಹಿಂದಕ್ಕೆ ಬಿಡಲ್ಲ. ತೊಟ್ಟಿಯಲ್ಲಿ ಸಾಕುವ ಮೀನು ಮಾರುವ ಅಂಗಡಿಯಲ್ಲಿ 20 ರೂಪಾಯಿಗೆ ಸಿಕ್ಕಿತು. ಎರಡು ಸಾವಿರದ ಮೇಲೆ ವಸೂಲಿ ಮಾಡುವವರಿಗೆ 20 ರೂಪಾಯಿಯ ವಾಲ್ವ್ ಹಾಕಲು ಆಗಲಿಲ್ಲವಾ? ಪುಸ್ತಿಕೆಯಲ್ಲಿ ಈ ವಿಷಯ ಒಂದು ಸಾಲೂ ಇಲ್ಲ. ಕಸ್ಟಮರ್ ಕೇರಿಗೆ ಫೋನ್ ಮಾಡಿದರೆ ಆ ಹುಡುಗ, "ಮೇಡಂ, ಪವರ್ ಕಟ್ ಆಗದ ಟೈಮಿನಲ್ಲಿ ಬಳಸಿ" ಅಂದ. ಒಂದು ದಿನ ಪೂರ್ತಿ ಓಡಬೇಕಾದ ಯಂತ್ರ! ನಾನು ವಾಲ್ವ್ ಹಾಕಿದ್ದಲ್ಲದೆ ಪಂಪನ್ನು ಗೋಡೆಯ ಮೊಳೆಗೆ ನೀರಿಗಿಂತ ಎತ್ತರದಲ್ಲಿ ನೇತು ಹಾಕಿದೆ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದಕ್ಕೆ ಹಚ್ಚಿ, ಈ ಪಂಪ್ ತಿನ್ನುವುದು ಏನೂ ಅಲ್ಲ.

ಆ ಮೀನಿನ ಅಂಗಡಿಯವನು ಒಳ್ಳೆ ಮನುಷ್ಯ. "ಅಕ್ಕಾ, ತೊಟ್ಟಿ ಎಷ್ಟ ದೊಡ್ಡದದ? ಮೀನ ಎಷ್ಟ ಅವ?" ಅಂತ ಕೇಳಿದ. "ಮೀನ ಇಲ್ಲಣ್ಣಾ, ಗೊಬ್ಬರ ಅದ" ಅಂದೆ. ಒಂದು ಗಳಿಗೆ ನನ್ನ ಮುಖ ನೋಡಿ, ಏನೂ ಕೇಳದೆ ವಾಲ್ವ್ ಕೊಟ್ಟ. ಅಲ್ಲೇ ಇದೇ ತರಹದ ಎರಡು ಮೂತಿಯ ಪಂಪ್ 650 ರೂಪಾಯಿಗೆ ಇಟ್ಟಿದ್ದ.

ಈಗ ಚೀಲ. ನಾನು ಹೊಲಿಗೆ ಕೆಲಸದವಳು, ಇಪ್ಪತ್ತು ವರ್ಷದ ಮೇಲಾಯಿತು. ಹಾಗಾಗಿ ಈ ಚೀಲ ಕೈಗೆ ತಗೊಂಡ ಕೂಡಲೇ ಸಿಟ್ಟು ಬಂತು. ಒಂದೇ ಹೊಲಿಗೆ, ಅದೂ ಉದ್ದ ಟಾಕಿ. ಅಂಚು ಮಡಚಿಲ್ಲ, ಓವರ್‌ಲಾಕ್ ಇಲ್ಲ. ನೈಲಾನ್ ಜಾಳಿಗೆಗೆ ಹತ್ತಿ ದಾರ ಹಾಕಿದ್ದಾರೆ. ಹತ್ತಿ ದಾರ ದಿನಗಟ್ಟಲೆ ಒದ್ದೆಯಲ್ಲಿ, ಅದೂ ಜೀವಿಗಳು ತುಂಬಿದ ನೀರಿನಲ್ಲಿ ಇದ್ದರೆ ಎಷ್ಟು ದಿನ ಬಾಳುತ್ತೆ? ಕೊಳೆಸುವ ಜೀವಿಗಳನ್ನೇ ಬೆಳೆಸಲು ಹೊರಟು ಅವಕ್ಕೆ ತಿನ್ನಲು ದಾರ ಕೊಟ್ಟ ಹಾಗಾಯಿತು. ಎರಡನೇ ಸಲಕ್ಕೇ ತಳ ಬಿಚ್ಚಿತು. ಗೊಬ್ಬರವೆಲ್ಲ ನೀರಿಗೆ ಬಿದ್ದು, ಆಮೇಲೆ ಶೋಧಿಸುವಾಗ ಕೈ ಸೋತು ಹೋಯಿತು, ಗಿಡಕ್ಕೆ ನೀರು ಹಾಕುವ ಝಾರಿಯ ತೂತಿಗೆ ಕಸ ಕಟ್ಟಿತು.

ನಮ್ಮೂರ ಸೂಪರ್ ಮಾರ್ಕೆಟ್ ಬಜಾರಿನಿಂದ ಸೊಳ್ಳೆಪರದೆಯ ಬಟ್ಟೆ ಅರ್ಧ ಮೀಟರ್ ತಂದೆ. ನೈಲಾನ್ ದಾರದಲ್ಲಿ ಅಂಚು ಎರಡು ಸಲ ಮಡಚಿ ಎರಡು ಸಾಲು ಹೊಲಿದೆ, ಬಾಯಿಗೆ ಲಾಡಿ ಏರಿಸಿದೆ. ಇಲ್ಲಿ ಒಂದು ಮಾತು ನೆನಪಿಡಿ. ಧೋತರದ ಬಟ್ಟೆ, ಹಳೆ ಸೀರೆಯ ಬಟ್ಟೆ ಬೇಡ. ಅವುಗಳ ತೂತು ತೀರಾ ಸಣ್ಣ. ಬ್ಯಾಕ್ಟೀರಿಯಾ ಹೊರಗೆ ಬರುತ್ತೆ, ಆದರೆ ಶಿಲೀಂಧ್ರದ ಎಳೆ, ದೊಡ್ಡ ಜೀವಿಗಳು ಒಳಗೇ ಉಳಿಯುತ್ತವೆ. ಗೊಬ್ಬರದ ಜಿಡ್ಡು ಕಟ್ಟಿ ನೀರು ಆಡುವುದೇ ನಿಲ್ಲುತ್ತೆ. ಸೊಳ್ಳೆಪರದೆ ಸರಿಯಾದ ಅಳತೆ. ಚೀಲವನ್ನು ಗಟ್ಟಿಯಾಗಿ ತುಂಬಬಾರದು, ಅರ್ಧ ಖಾಲಿ ಇದ್ದರೆ ಒಳಗೆ ನೀರು ತಿರುಗಾಡುತ್ತೆ. ಒಂದು ಗುಳ್ಳೆ ಕಲ್ಲನ್ನು ಚೀಲದ ಕೆಳಗೆ ಸರಿಯಾಗಿ ಬರುವ ಹಾಗೆ ಇಡಿ, ಇನ್ನೊಂದನ್ನು ಬಕೆಟ್ಟಿನ ಮೂಲೆಗೆ. ಮೂಲೆಯಲ್ಲಿ ನೀರು ಸತ್ತು ನಿಂತರೆ ಅಲ್ಲಿಂದಲೇ ನಾತ ಶುರುವಾಗುತ್ತೆ.

ಗುಳ್ಳೆ ಕಲ್ಲಿನ ಬಗ್ಗೆ ಚುಟುಕಾಗಿ: ಪ್ರತಿ ಸಲ ಬಳಸಿದ ಮೇಲೆ ಅದರ ಮೇಲೆ ಲೋಳೆ ಕಟ್ಟುತ್ತೆ. ಬ್ರಷ್ಷಿನಲ್ಲಿ ಉಜ್ಜಿ, ಬಿಸಿಲಿಗೆ ಒಣಗಿಸಿ. ಬೋರಿನ ನೀರು ಬಳಸುವವರಿಗೆ ಬಿಳಿ ಸುಣ್ಣವೂ ಕಟ್ಟುತ್ತೆ, ಅದಕ್ಕೆ ನಿಂಬೆಹುಳಿ ಅಥವಾ ವಿನೆಗರಿನಲ್ಲಿ ನೆನೆಸಿಟ್ಟರೆ ಬಿಡುತ್ತೆ. ಪೈಪು, ಬಕೆಟ್ಟಿಗೂ ಇದೇ ಮಾತು. ಕೊಳೆ ಬಿಟ್ಟರೆ ಮುಂದಿನ ಸಲ ಕೆಟ್ಟದ್ದೇ ಮೊದಲು ಬೆಳೆಯುತ್ತೆ.

ಪುಡಿ ಪ್ಯಾಕೆಟ್ಟಿಗೆ ಬರೋಣ. ಹಿಂದೆ ಬರೆದಿರುವ ಪ್ರಕಾರ ಅದರಲ್ಲಿ ಕಾಕಂಬಿಯ ಪುಡಿ, ಕಡಲಕಳೆಯ ಪುಡಿ, ಹ್ಯೂಮಿಕ್ ಆಸಿಡ್ ಇದೆ. ಒಂದು ಬಕೆಟ್ಟಿಗೆ ಎರಡು ಪ್ಯಾಕೆಟ್ ಹಾಕಿ ಅನ್ನುತ್ತಾರೆ. ಎರಡು ಹಾಕಿದರೆ ಬೇಗ ಪ್ಯಾಕೆಟ್ ಮುಗಿಯುತ್ತೆ, ಬೇಗ ಮತ್ತೆ ಆರ್ಡರ್ ಮಾಡುತ್ತೀರಿ, ಅದೇ ಲೆಕ್ಕಾಚಾರ ಇರಬೇಕು. ಸಿಹಿ ಜಾಸ್ತಿಯಾದರೆ ಬ್ಯಾಕ್ಟೀರಿಯಾ ಒಮ್ಮೆಗೇ ಬೆಳೆದು ನೀರಿನಲ್ಲಿರುವ ಗಾಳಿಯನ್ನೆಲ್ಲ ತಿಂದು ಹಾಕುತ್ತವೆ. ಪಂಪ್ ಎಷ್ಟು ಊದಿದರೂ ಸಾಲಲ್ಲ. ಆಮೇಲೆ ಗಟಾರದ ವಾಸನೆ. 15 ಲೀಟರ್ ನೀರಿಗೆ ಎರಡು ಚಮಚ ಕಪ್ಪು ಬೆಲ್ಲ ಧಾರಾಳ ಸಾಕು. ಗಂಜ್ ಮಾರುಕಟ್ಟೆಯಲ್ಲಿ ಕೇಳಿದರೆ ಕಡಿಮೆ ದರದ, ಬಣ್ಣ ಕೆಟ್ಟ ಬೆಲ್ಲ ಸಿಗುತ್ತೆ. ಬಿಳಿ ಬೆಲ್ಲ ತರಬೇಡಿ, ಅದಕ್ಕೆ ಏನೇನೋ ಹಾಕಿ ಬಿಳುಪು ಮಾಡಿರುತ್ತಾರೆ. ಮೇಲೆ ನೊರೆ ಬಂದರೆ ಚೆನ್ನಾಗಿ ಬಂದಿದೆ ಅಂತ ಪುಸ್ತಿಕೆ ಹೇಳುತ್ತೆ. ನೊರೆ ಬೆಲ್ಲಕ್ಕೂ ಬರುತ್ತೆ, ಸೋಪಿಗೂ ಬರುತ್ತೆ. ಮೂಗನ್ನು ನಂಬಿ. ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ಗಿಡಕ್ಕೆ ಹಾಕಿ, ಕೊಳೆತ ಮೊಟ್ಟೆಯ ವಾಸನೆ ಬಂದರೆ ದೂರದ ಮರದ ಬುಡಕ್ಕೆ ಚೆಲ್ಲಿ.

ಅವರು ಕೊಟ್ಟ ಎರೆಗೊಬ್ಬರ ಹೇಗಿತ್ತು ಅಂದರೆ, ಪುಡಿಪುಡಿಯಾಗಿ ಒಣಗಿತ್ತು. ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಕಟ್ಟಿ, ಯಾವ ಗೋದಾಮಿನಲ್ಲಿ ಎಷ್ಟು ತಿಂಗಳು ಇತ್ತೋ. ಅದರಲ್ಲಿ ಜೀವ ಎಷ್ಟು ಉಳಿದಿರುತ್ತೆ? ಇದು ಸಣ್ಣ ವಿಷಯ ಅಲ್ಲ. ಗೊಬ್ಬರದಲ್ಲಿ ಇಲ್ಲದ್ದು ನೀರಿಗೆ ಎಲ್ಲಿಂದ ಬರಬೇಕು? ನಮ್ಮ ಮನೆಯವರು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಾರೆ, ಅಲ್ಲಿಂದ ತೊಗರಿ ಹೊಟ್ಟು ಬರುತ್ತೆ. ಅದು, ಬೇವಿನ ಎಲೆ, ಅಡುಗೆಮನೆ ಕಸ, ಪಕ್ಕದ ಮನೆ ಎಮ್ಮೆಯ ಸಗಣಿ, ಇಷ್ಟರಲ್ಲಿ ನಮ್ಮ ರಾಶಿ ತಯಾರಾಗುತ್ತೆ. ಚೆನ್ನಾಗಿ ಕೂಡಿದ ರಾಶಿಯ ಒಳಗೆ ಕೈ ಹಾಕಲು ಆಗದಷ್ಟು ಬಿಸಿ ಏರುತ್ತೆ. 55 ಡಿಗ್ರಿ ದಾಟಿ ಕೆಲವು ದಿನ ನಿಲ್ಲಬೇಕು, ನಡುವೆ ತಿರುವಿ ಹಾಕಬೇಕು, ಆಗ ರೋಗದ ಕ್ರಿಮಿ, ಕಳೆ ಬೀಜ ಸಾಯುತ್ತವೆ. ಆಮೇಲೆ ತಣ್ಣಗಾಗಿ ಕಪ್ಪಗೆ ಮಾಗಿದ ಗೊಬ್ಬರವನ್ನೇ ಚೀಲಕ್ಕೆ ತುಂಬುವುದು, 15 ಲೀಟರಿಗೆ ಅರ್ಧ ಕೆಜಿಯ ಹತ್ತಿರ. ನಮ್ಮ ಗೊಬ್ಬರ ಹಾಕಿದಾಗಿನ ನೀರಿಗೂ ಅವರ ಪ್ಯಾಕೆಟ್ಟಿನ ನೀರಿಗೂ ವಾಸನೆಯಲ್ಲೇ ವ್ಯತ್ಯಾಸ ಗೊತ್ತಾಗುತ್ತೆ.

ನೀರು ಯಾವುದು ಅಂತಲೂ ಕೇಳುತ್ತಾರೆ. ನಳದ ನೀರಿನಲ್ಲಿ ಕ್ಲೋರಿನ್ ಇರುತ್ತೆ, ಅದು ಕ್ರಿಮಿ ಕೊಲ್ಲಲೆಂದೇ ಹಾಕುವುದು. ನಾವು ಹೇಗೂ ಡ್ರಮ್ಮಿನಲ್ಲಿ ನೀರು ಹಿಡಿದಿಟ್ಟು ಬಳಸುವ ಜನ. ಬಾಯಿ ತೆರೆದ ಡ್ರಮ್ಮಿನಲ್ಲಿ ಒಂದು ದಿನ ಇದ್ದರೆ ಕ್ಲೋರಿನ್ ಹೋಗಿಬಿಡುತ್ತೆ. ಅಷ್ಟು ಪುರುಸೊತ್ತು ಇಲ್ಲದಿದ್ದರೆ ಗೊಬ್ಬರ ಹಾಕುವ ಮುಂಚೆ ಬರಿ ನೀರಿಗೆ ಪಂಪ್ ಹಚ್ಚಿ ಸ್ವಲ್ಪ ಹೊತ್ತು ಬಿಡಿ.

ಪುಸ್ತಿಕೆಯಲ್ಲಿ ನನಗೆ ದೊಡ್ಡ ಲೋಪ ಅನಿಸಿದ್ದು ಹೊತ್ತಿನ ಲೆಕ್ಕ. "24ರಿಂದ 36 ಗಂಟೆ" ಅಂತ ಬರೆದಿದ್ದಾರೆ. ಬೆಂಗಳೂರಿಗೋ ಪುಣೆಗೋ ಅದು ಸರಿ ಇರಬಹುದು. ಕಲಬುರಗಿಯ ಮೇ ತಿಂಗಳು ಅವರಿಗೆ ಗೊತ್ತಿಲ್ಲ. 42, 43 ಡಿಗ್ರಿ ಬಿಸಿಲಿನಲ್ಲಿ ಮಾಳಿಗೆ ಮೇಲಿಟ್ಟ ಬಕೆಟ್ಟಿನ ನೀರು ಸ್ನಾನಕ್ಕೆ ಕಾಯಿಸಿದಷ್ಟು ಬಿಸಿ ಆಗುತ್ತೆ. ಮಾಸ್ತರ ಕಾಕಾ ಕಾಗದದ ಮೇಲೆ ಬರೆದು ತೋರಿಸಿದರು: 20 ಡಿಗ್ರಿಯ ನೀರು ಲೀಟರಿಗೆ 9 ಮಿಲಿಗ್ರಾಂನಷ್ಟು ಆಮ್ಲಜನಕ ಹಿಡಿದಿಟ್ಟುಕೊಳ್ಳುತ್ತೆ, 40 ಡಿಗ್ರಿಯ ನೀರಿಗೆ 6.4ರ ಹತ್ತಿರ ಮಾತ್ರ ಸಾಧ್ಯ. ನೀರು ಬಿಸಿಯಾದಷ್ಟೂ ಗಾಳಿ ಹಿಡಿಯುವ ಶಕ್ತಿ ಕಡಿಮೆ. ಅದೇ ಹೊತ್ತಿಗೆ ಬಿಸಿಗೆ ಬ್ಯಾಕ್ಟೀರಿಯಾದ ಹಸಿವು ಜಾಸ್ತಿ. ಎರಡೂ ಕಡೆಯಿಂದ ಹೊಡೆತ. ಬೇಸಿಗೆಯಲ್ಲಿ 36 ಗಂಟೆ ಬಿಟ್ಟರೆ ನಾತ ಗ್ಯಾರಂಟಿ. ನಾನು ಈಗ ಸಂಜೆ ಬಿಸಿಲು ಇಳಿದ ಮೇಲೆ ಹಚ್ಚಿ, ಬೆಳಿಗ್ಗೆ ಸೂರ್ಯ ಮೇಲೇರುವ ಮುಂಚೆ ಗಿಡಕ್ಕೆ ಹಾಕಿ ಮುಗಿಸುತ್ತೇನೆ. ಬಕೆಟ್ಟಿನ ಸುತ್ತ ಒದ್ದೆ ಗೋಣಿಚೀಲ ಸುತ್ತುತ್ತೇನೆ, ಬೆಲ್ಲ ಒಂದೇ ಚಮಚ. ಡಿಸೆಂಬರ್, ಜನವರಿಯಲ್ಲಿ ಮಾತ್ರ ಪೂರ್ತಿ ಒಂದು ದಿನ ಬಿಡುವುದು. ಬೀದರಿನಲ್ಲಿರುವ ನನ್ನ ತಂಗಿ ಇದೇ ತರಹ ಮಾಡುತ್ತಾಳೆ, ಅಲ್ಲಿ ಎತ್ತರದ ಜಾಗ, ಸ್ವಲ್ಪ ತಂಪು, ಅವಳಿಗೆ ಇಷ್ಟು ಕಿರಿಕಿರಿ ಇಲ್ಲ.

ತಯಾರಾದ ಮೇಲೆ ಇಟ್ಟುಕೊಳ್ಳಲು ಆಗಲ್ಲ. ಪಂಪ್ ಆಫ್ ಮಾಡಿದ ಮೂರ್ನಾಲ್ಕು ಗಂಟೆಯೊಳಗೆ ಖಾಲಿ ಮಾಡಬೇಕು. ಬಾಟಲಿಯಲ್ಲಿ ತುಂಬಿ ತಿಂಗಳುಗಟ್ಟಲೆ ಮಾರುವ "ರೆಡಿ ಕಾಂಪೋಸ್ಟ್ ಟೀ" ನೋಡಿದರೆ ನನಗೆ ನಗು ಬರುತ್ತೆ. ಮುಚ್ಚಳ ಹಾಕಿದ ಬಾಟಲಿಯಲ್ಲಿ ಗಾಳಿ ಎಲ್ಲಿದೆ?

ಒಂದು ಪಾಲಿಗೆ ಐದರಿಂದ ಹತ್ತು ಪಾಲು ನೀರು ಬೆರೆಸಿ ಬುಡಕ್ಕೆ ಹಾಕುತ್ತೇನೆ. ಎರಿ ಮಣ್ಣಿನವರಿಗೆ ಒಂದು ಕಿವಿಮಾತು. ಬೇಸಿಗೆಯಲ್ಲಿ ನಮ್ಮ ಮಣ್ಣು ಬಿರುಕು ಬಿಟ್ಟು ಬಾಯಿ ತೆರೆದಿರುತ್ತೆ. ಹಾಗೇ ಹಾಕಿದರೆ ಎಲ್ಲ ಬಿರುಕಿನಲ್ಲಿ ಇಳಿದು ಪಾತಾಳಕ್ಕೆ ಹೋಗುತ್ತೆ, ಬೇರಿಗೆ ಸಿಗಲ್ಲ. ಹಿಂದಿನ ದಿನ ಬರಿ ನೀರು ಬಿಟ್ಟು ಮಣ್ಣು ಕೂಡಿಕೊಳ್ಳಲಿ, ಮೇಲೆ ತೊಗರಿ ಹೊಟ್ಟು ಹಾಸಿ, ಆಮೇಲೆ ಇದನ್ನು ಹಾಕಿ. ಒಣ ಮಣ್ಣಿನಲ್ಲಿ, ಸುಡುವ ಬಿಸಿಲಿನಲ್ಲಿ ಈ ಜೀವಿಗಳು ಬದುಕುವುದೂ ಇಲ್ಲ.

ಗಿಡ ಏನು ಹೇಳಿತು? ನಾನು ಹೊಲಿಗೆಯವಳು, ಅಳತೆ ಇಲ್ಲದೆ ಯಾವುದನ್ನೂ ಒಪ್ಪಲ್ಲ. ಬದನೆ ಸಾಲನ್ನು ಮೂರು ಭಾಗ ಮಾಡಿದೆ. ಒಂದಕ್ಕೆ ಈ ಟೀ. ಒಂದಕ್ಕೆ ಅದೇ ಗೊಬ್ಬರವನ್ನು ಎರಡೆರಡು ಹಿಡಿ ಬುಡಕ್ಕೆ ಹಾಕಿ ಬರಿ ನೀರು. ಒಂದಕ್ಕೆ ಬರಿ ನೀರು ಮಾತ್ರ. ಟೀ ಹಾಕಿದ ಭಾಗ ಬರಿ ನೀರಿನ ಭಾಗಕ್ಕಿಂತ ಚೆನ್ನಾಗಿ ಬಂತು, ಸುಳ್ಳು ಹೇಳಲ್ಲ. ಆದರೆ ಎರಡು ಹಿಡಿ ಗೊಬ್ಬರ ಹಾಕಿದ ಭಾಗವೂ ಅಷ್ಟೇ ಚೆನ್ನಾಗಿ ಬಂತು. ಎಣ್ಣೆಗಾಯಿ ಮಾಡುವಾಗ ಯಾವ ಬದನೆ ಯಾವುದು ಅಂತ ನನಗೇ ಗೊತ್ತಾಗಲಿಲ್ಲ. ಮಾಳಿಗೆಯ ಡಬ್ಬಿಗಳಲ್ಲಿ ಫರಕು ಸ್ವಲ್ಪ ಜಾಸ್ತಿ ಕಂಡಿತು. ಪಾಲಕ್ ಎಲೆ ಕಡು ಹಸಿರಾಯಿತು. ಡಬ್ಬಿಯಲ್ಲಿ ಮಣ್ಣು ಕಡಿಮೆ, ಜೀವವೂ ಕಡಿಮೆ, ಹಾಗಾಗಿ ಇರಬಹುದು. ಮತ್ತೆ ಮತ್ತೆ ಗೊಬ್ಬರ ಹಾಕಲು ಡಬ್ಬಿಯಲ್ಲಿ ಜಾಗವೂ ಇರಲ್ಲ ಅಲ್ವಾ.

ಡಬ್ಬದ ಮೇಲೆ "ರೋಗ, ಕೀಟ ಮಾಯ" ಅಂತ ಇದೆ. ಮೆಣಸಿನ ಎಲೆ ಮುದುಡಿದ್ದು ಮುದುಡಿದ ಹಾಗೇ ಇತ್ತು. ಬದನೆಯ ಕಾಯಿಕೊರಕ ಹುಳ ಆರಾಮಾಗಿ ಒಳಗೆ ಕೂತು ತಿಂದಿತು. ಎರಿ ಮಣ್ಣಿನಲ್ಲಿ ಸುಣ್ಣದ ಅಂಶ ಜಾಸ್ತಿಯಾಗಿ ಕಬ್ಬಿಣ ಸಿಗದೆ ಎಲೆ ಹಳದಿಯಾಗುತ್ತಲ್ಲ, ಅದಕ್ಕೂ ಇದು ಮದ್ದಲ್ಲ. ಈ ಪದ್ಧತಿಯನ್ನು ಜಗತ್ತಿಗೆಲ್ಲ ಹಬ್ಬಿಸಿದವರಲ್ಲಿ ಮುಖ್ಯ ಹೆಸರು ಎಲೇನ್ ಇಂಗಮ್, ಅಮೆರಿಕದ ಮಣ್ಣು ವಿಜ್ಞಾನಿ. ಅದೇ ದೇಶದ ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿಯ ಲಿಂಡಾ ಚಾಕರ್ ಸ್ಕಾಟ್ ಇದಕ್ಕೆ ಗಟ್ಟಿ ಪುರಾವೆ ಸಾಲದು ಅಂತ ಮೊದಲಿಂದಲೂ ಹೇಳುತ್ತಾ ಬಂದಿದ್ದಾರೆ. ರೋಗ ತಡೆಯುವ ವಿಷಯದಲ್ಲಿ ಪ್ರಯೋಗಗಳ ಫಲಿತಾಂಶ ಒಂದೊಂದು ಕಡೆ ಒಂದೊಂದು ತರಹ ಬಂದಿದೆ. ಓದಿದವರೇ ಹೀಗೆ ಜಗಳ ಆಡುತ್ತಿರುವಾಗ ಡಬ್ಬದ ಮೇಲೆ ಮಾತ್ರ ಎಷ್ಟು ಧೈರ್ಯವಾಗಿ "ಮಾಯ" ಅಂತ ಬರೆದಿದ್ದಾರೆ ನೋಡಿ.

ಇನ್ನೊಂದು ವಿಷಯ, ನಮ್ಮ ಕಡೆಯವರಿಗೆ ಬಹಳ ಮುಖ್ಯ. ಪುಸ್ತಿಕೆಯಲ್ಲಿ "ಎಲೆಗಳ ಮೇಲೆ ಧಾರಾಳವಾಗಿ ಸಿಂಪಡಿಸಿ" ಅಂತ ಇದೆ. ಅದನ್ನು ಬರೆದವರು ಜೋಳದ ರೊಟ್ಟಿ ಉಂಡವರಲ್ಲ. ನಾವು ಮೆಂತೆ ತಪ್ಪಲು, ಉಳ್ಳಾಗಡ್ಡಿ ತಪ್ಪಲು, ಸೌತೆಕಾಯಿ ಎಲ್ಲ ಹಸಿಯಾಗಿಯೇ ರೊಟ್ಟಿ ಜೊತೆ ತಿನ್ನುತ್ತೇವೆ. ಬೆಲ್ಲ ಹಾಕಿ ಬೆಳೆಸಿದ ನೀರಿನಲ್ಲಿ ಒಳ್ಳೆಯವು ಮಾತ್ರ ಬೆಳೆಯುತ್ತವೆ ಅಂತ ಯಾರು ಬರೆದುಕೊಟ್ಟಿದ್ದಾರೆ? ಗೊಬ್ಬರ ಸರಿಯಾಗಿ ಬಿಸಿ ಏರದೆ ಹಸಿ ಸಗಣಿ ಉಳಿದಿದ್ದರೆ ಹೊಟ್ಟೆ ಕೆಡಿಸುವ ಇ-ಕೋಲಿ, ಸಾಲ್ಮೊನೆಲ್ಲಾ ಕೂಡ ಅದೇ ಬೆಲ್ಲ ತಿಂದು ಬೆಳೆಯುತ್ತವೆ. 2004ರಲ್ಲಿ ಅಮೆರಿಕದ ಸಾವಯವ ಮಂಡಳಿಯ ತಂಡವೊಂದು ಇದನ್ನೇ ಹೇಳಿತ್ತು. ಸಿಹಿಯಂಥದ್ದು ಸೇರಿಸಿ ಮಾಡಿದ ಟೀಯನ್ನು ಪರೀಕ್ಷೆ ಮಾಡಿಸದೆ ತರಕಾರಿಗೆ ಬಳಸಿದರೆ ಅದನ್ನು ಹಸಿ ಸಗಣಿಯಂತೆಯೇ ಎಣಿಸಬೇಕು ಅಂತ. ಅಲ್ಲಿ ಹಸಿ ಸಗಣಿ ಹಾಕಿದ ಮೇಲೆ ಮಣ್ಣಿಗೆ ತಾಗುವ ಬೆಳೆಯನ್ನು 120 ದಿನ, ತಾಗದ ಬೆಳೆಯನ್ನು 90 ದಿನ ಕೊಯ್ಯುವಂತಿಲ್ಲ. ಮೆಂತೆ ಒಂದು ತಿಂಗಳಿಗೆ ಕೊಯ್ಲಿಗೆ ಬರುತ್ತೆ! ಹಾಗಾಗಿ ನಮ್ಮ ಮನೆಯಲ್ಲಿ ಹಸಿ ತಿನ್ನುವ ಯಾವ ಸೊಪ್ಪಿಗೂ ಇದನ್ನು ಹಾಕುವುದಿಲ್ಲ, ಬುಡಕ್ಕೂ ಇಲ್ಲ, ಎಲೆಗೂ ಇಲ್ಲ. ಬೇಯಿಸಿ ತಿನ್ನುವ ಬದನೆ, ಚವಳಿ, ಪುಂಡಿ, ಪಾಲಕ್ಕಿಗೆ ಮಾತ್ರ, ಅದೂ ಬುಡಕ್ಕೆ. ಮಕ್ಕಳು, ವಯಸ್ಸಾದವರು ಇರುವ ಮನೆಯವರು ಈ ಪ್ಯಾರಾ ಇನ್ನೊಮ್ಮೆ ಓದಿ.

"ಜೀವಾಮೃತ ಇರುವಾಗ ಇದೆಲ್ಲ ಯಾಕ?" ಅಂತ ನಮ್ಮ ಮಾವ ಕೇಳಿದರು. ಆಳಂದ ಕಡೆ ಅವರ ಹೊಲ ಇದೆ, ತೊಗರಿಗೆ ಹಾಕುತ್ತಾರೆ. ಕೇಳಿದ್ದು ಸರಿಯಾದ ಮಾತೇ. ನೈಸರ್ಗಿಕ ಕೃಷಿಯ ಸುಭಾಷ್ ಪಾಳೇಕರ್ ಹೇಳಿಕೊಟ್ಟ ಜೀವಾಮೃತದ ಲೆಕ್ಕ ನಮ್ಮ ರೈತರಿಗೆ ಬಾಯಿಪಾಠ: 200 ಲೀಟರ್ ನೀರಿಗೆ ನಾಟಿ ಹಸುವಿನ ಸಗಣಿ 10 ಕೆಜಿ, ಗಂಜಲ 5ರಿಂದ 10 ಲೀಟರ್, ಬೆಲ್ಲ 2 ಕೆಜಿ, ದ್ವಿದಳ ಧಾನ್ಯದ ಹಿಟ್ಟು 2 ಕೆಜಿ, ಬದುವಿನ ಒಂದು ಹಿಡಿ ಮಣ್ಣು. ನೆರಳಿನಲ್ಲಿಟ್ಟು ದಿನಕ್ಕೆರಡು ಸಲ ಕೋಲಿನಲ್ಲಿ ತಿರುವಿದರೆ ಎರಡು ದಿನಕ್ಕೆ ತಯಾರು, ಒಂದು ಎಕರೆಗೆ ಸಾಕು. ಪಂಪೂ ಬೇಡ, ಕರೆಂಟೂ ಬೇಡ. ಹೊಲ ಇದ್ದವರು, ಮನೆಯಲ್ಲಿ ದೇವಣಿ ತಳಿಯ ನಾಟಿ ಹಸು ಕಟ್ಟಿದವರು ಈ ಕಿಟ್ಟಿನ ಕಡೆ ತಿರುಗಿಯೂ ನೋಡಬೇಡಿ. ಗಾಜಿಯಾಬಾದಿನ ಸಾವಯವ ಕೃಷಿ ಕೇಂದ್ರ ಹೊರತಂದ ವೇಸ್ಟ್ ಡಿಕಂಪೋಸರ್, ಅಂದರೆ ಕಸ ಕೊಳೆಸುವ ಜೀವಿಗಳ ಹೆಪ್ಪು ಕೂಡ ಇತ್ತು. ಸಣ್ಣ ಬಾಟಲಿ, ಕೇಂದ್ರ ಅದಕ್ಕೆ ಇಟ್ಟಿದ್ದ ಬೆಲೆ 20 ರೂಪಾಯಿ, 200 ಲೀಟರ್ ನೀರಿಗೆ ಎರಡು ಕೆಜಿ ಬೆಲ್ಲ ಹಾಕಿ ಬೆಳೆಸುವುದು.

ಆದರೆ ಊರೊಳಗೆ ಮಾಳಿಗೆ ಮೇಲೆ ಹತ್ತು ಡಬ್ಬಿ ಇಟ್ಟವರ ಕಷ್ಟ ಬೇರೆ. ಗಂಜಲ ತರುವುದು ಎಲ್ಲಿಂದ? ಜೀವಾಮೃತದ ವಾಸನೆಗೆ ಪಕ್ಕದ ಮನೆಯವರು ಜಗಳಕ್ಕೆ ಬರುತ್ತಾರೆ. ಸರಿಯಾಗಿ ಮಾಡಿದ ಕಾಂಪೋಸ್ಟ್ ಟೀ ನಾರಲ್ಲ, ಇಷ್ಟು ಮಾತ್ರ ಅದರ ಪರವಾಗಿ ಎದೆ ತಟ್ಟಿ ಹೇಳಬಲ್ಲೆ. ಹಸಿ ಸಗಣಿಗಿಂತ ಮಾಗಿದ ಗೊಬ್ಬರ ಮುಟ್ಟಲೂ ಹಿತ.

ಹಾಗಾದರೆ ಏನು ತಗೋಬೇಕು? ಮನೆಯಲ್ಲಿ ಒಳ್ಳೆ ಗೊಬ್ಬರ ಇಲ್ಲ ಅಂದರೆ ಮೊದಲು ಗೊಬ್ಬರ ಮಾಡಿ, ಟೀ ವಿಚಾರ ಆಮೇಲೆ. ಗೊಬ್ಬರ ಇದೆ, ಡಬ್ಬಿಗಳಲ್ಲಿ ತರಕಾರಿ ಇದೆ, ಒಂದು ಕೈ ನೋಡೋಣ ಅನ್ನುವವರು ಮೀನಿನ ಅಂಗಡಿಗೆ ಹೋಗಿ. ಎರಡು ಮೂತಿಯ ಪಂಪ್ 650, ಗುಳ್ಳೆ ಕಲ್ಲು, ಪೈಪು, ವಾಲ್ವ್ ಎಲ್ಲ ಸೇರಿ 150ರೊಳಗೆ. ಬಕೆಟ್ ಮನೆಯಲ್ಲೇ ಇರುತ್ತೆ, ಹಳೆ ಪೇಂಟ್ ಡಬ್ಬಿ ಆದರೂ ನಡೆಯುತ್ತೆ, ಚೆನ್ನಾಗಿ ತೊಳೆದಿರಬೇಕು ಅಷ್ಟೇ. ಸುಮಾರು 800 ರೂಪಾಯಿಗೆ ಕೆಲಸ ಮುಗಿಯಿತು. ಕಿಟ್ಟಿಗೆ ಐದರಲ್ಲಿ ಎರಡು ನಕ್ಷತ್ರ ಕೊಟ್ಟಿದ್ದೇನೆ, ಎರಡೂ ಪಂಪಿಗೆ. ಮಗನಿಗೆ ಬೇಜಾರಾಗುತ್ತೆ ಅಂತ ಮೂರು ಕೊಡೋಣ ಅಂದುಕೊಂಡಿದ್ದೆ, ಆದರೆ ಆ ಚೀಲ ನೆನಪಾಗಿ ಬಿಟ್ಟೆ.

ಚೀಲ ಬೇಕಾದವರು ಸೊಳ್ಳೆಪರದೆ ಬಟ್ಟೆ ನೀವೇ ತಂದು ಕೊಡಿ. ಎರಡು ಸಾಲು ಹೊಲಿಗೆ, ಲಾಡಿ ಸಮೇತ ಒಂದಕ್ಕೆ 40 ರೂಪಾಯಿ ತಗೋತೀನಿ. ದೀಪಾವಳಿಯ ಬ್ಲೌಸ್ ಗದ್ದಲದಲ್ಲಿ ಮಾತ್ರ ಕೇಳಬೇಡಿ.